ಒಣ ದಿನವಿಲ್ಲದ ಊರು

ಕೆಮ್ಮು ಹತ್ತಿ ಮೂರು ದಿನಗಳಾದವು. ಈ ಮುಂಜಾನೆ ನನ್ನ ಪತ್ನಿ ಸುಂದರಾ ಶುಂಠಿಯ ಕಷಾಯವನ್ನು ಒಂದು ಸಪೂರವಾದ ಗಾಜಿನ ಲೋಟದಲ್ಲಿ ಸುರಿದು ನನ್ನ ಮುಂದೆ ಹಿಡಿದಳು. ಕುಡಿಯುವ ಮೊದಲು ನಾನು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಕಷಾಯದ ಮೇಲ್ಮೈಯನ್ನು ಗಾಜಿನ ಮೇಲಿನ ಗೆರೆಗಳೊಂದಿಗೆ ಹೊಂದಿಸಿ ನೋಡಿದೆ. ಸರಿಯಾಗಿ ನಲವತ್ತೆರಡು ಸೆಂಟ್. ಸೆಂಟ್ ಎಂದರೆ ಒಂದು ಇಂಚು ಮಳೆಯ ನೂರನೆಯ ಪಾಲು ಎಂಬುದನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಪುಣೆಯ ಜೂನ್ ತಿಂಗಳಿನ ಒಂದು ಒಳ್ಳೆಯ ಸಂಜೆಗೆ ಅಷ್ಟು ಮಳೆ ಬೀಳುತ್ತದೆ. ಆ ಒಂದು ಸಂಜೆಯನ್ನು ನಾನು ಎರಡು ಗುಟುಕಿನಲ್ಲಿ ಕುಡಿದು ಮುಗಿಸಿದೆ. ಸುಂದರಾ ಲೋಟವನ್ನು ತಿರುಗಿ ತೆಗೆದುಕೊಳ್ಳುತ್ತ, ಈ ಮನೆಯಲ್ಲಿ ಔಷಧ ಕುಡಿಯುವುದಕ್ಕೂ ಒಂದು ಕಣ್ಣು ಮುಚ್ಚುವವರು ನೀವೊಬ್ಬರೇ ಎಂದು ಹೇಳಿ ಒಳಗೆ ಹೋದಳು.

ಹೌದು, ಅದು ಮಳೆಯನ್ನು ಅಳೆಯುವ ಲೋಟ. ಹದಿನೈದು ವರ್ಷಗಳ ಹಿಂದೆ ನಮ್ಮ ಅಂಗಳದಲ್ಲಿ ನಾನೊಂದು ಹವಾಮಾನ ಕೇಂದ್ರವನ್ನು ಸ್ಥಾಪಿಸಿದ್ದೆ. ಅದರ ಸ್ಥಾಪಕ, ನಿರ್ದೇಶಕ, ವೀಕ್ಷಕ ಮತ್ತು ಕಾರಕೂನ ಎಲ್ಲವೂ ನಾನೇ. ಸಿಬ್ಬಂದಿಯಲ್ಲಿ ಇನ್ನೊಬ್ಬರಿದ್ದರು, ಅವರು ನೇಮಕವಾದದ್ದು ನಿರ್ದೇಶಕನಿಗೆ ಒಂದು ವರ್ಷದವರೆಗೆ ತಿಳಿದಿರಲಿಲ್ಲ.

ಈ ಅಳೆಯುವ ಚಟ ನನಗೆ ಹೇಗೆ ಅಂಟಿತೆಂದು ನೀವು ಕೇಳಬಹುದು. ಕಾಲೇಜಿನಲ್ಲಿ ನಾನು ವಾದಸಭೆಯ ಹುಲಿಯಾಗಿದ್ದೆ. ‘ಪರಂಪರೆಗಿಂತ ವಿಜ್ಞಾನವೇ ಶ್ರೇಷ್ಠ’ ಎಂಬ ಪಕ್ಷವನ್ನು ಹಿಡಿದು ಬೆಳ್ಳಿಯ ಪದಕ ಗೆದ್ದೆ. ಮರುವರ್ಷ ‘ವಿಜ್ಞಾನಕ್ಕಿಂತ ಪರಂಪರೆಯೇ ಶ್ರೇಷ್ಠ’ ಎಂಬ ಪಕ್ಷವನ್ನು ಹಿಡಿದು ಇನ್ನೊಂದನ್ನು ಗೆದ್ದೆ. ಎರಡೂ ಪದಕಗಳನ್ನು ಒಂದೇ ಡಬ್ಬಿಯಲ್ಲಿಟ್ಟರೆ ಜಗಳಾಡಬಹುದೆಂದು ನನ್ನ ಸಹಪಾಠಿಗಳು ನಗುತ್ತಿದ್ದರು. ಆದರೆ ಒಂದು ಪಾಠವನ್ನು ನಾನು ಅಲ್ಲಿಂದ ಪ್ರಾಮಾಣಿಕವಾಗಿ ತಂದಿದ್ದೇನೆ: ಅಂಕಿಯಿಲ್ಲದ ಮಾತು ಗಾಳಿಗೆ ಹಾರುತ್ತದೆ, ಅಂಕಿಯುಳ್ಳ ಮಾತು ನೆಲಕ್ಕೆ ಊರುತ್ತದೆ.

ಅದಕ್ಕೂ ಹಿಂದಿನ ಕಾರಣವೊಂದಿದೆ. ಧಾರವಾಡದ ಸೀಮೆಯ ನಮ್ಮ ಊರಿನಲ್ಲಿ ಯುಗಾದಿಯ ಸಂಜೆ ಜೋಯಿಸರು ಪಂಚಾಂಗ ಓದುತ್ತಿದ್ದರು. ಬೇವು-ಬೆಲ್ಲದ ಕಹಿ ನಾಲಗೆಯ ಬದಿಯಲ್ಲಿ ಇನ್ನೂ ಉಳಿದಿರುತ್ತಿತ್ತು; ಹೊಸ ಅಂಗಿಯ ಗಂಜಿ ಕುತ್ತಿಗೆಯನ್ನು ಕೊರೆಯುತ್ತಿತ್ತು. ಈ ಸಂವತ್ಸರದಲ್ಲಿ ಇಷ್ಟು ಕೊಳಗ ಮಳೆ. ಅದರಲ್ಲಿ ಸಮುದ್ರದಲ್ಲಿ ಇಷ್ಟು ಪಾಲು, ಪರ್ವತದಲ್ಲಿ ಇಷ್ಟು ಪಾಲು, ಉಳಿದದ್ದು ಭೂಮಿಯ ಮೇಲೆ, ಎಂದು ಅವರು ಓದಿದಾಗ ಹಿರಿಯರೆಲ್ಲ ತಲೆದೂಗುತ್ತಿದ್ದರು. ಸಮುದ್ರದಲ್ಲಿ ಬಿದ್ದ ಮಳೆಯನ್ನು ಕೊಳಗ ಹಿಡಿದುಕೊಂಡು ಅಳೆದವರು ಯಾರು ಎಂದು ನಾನು ಒಮ್ಮೆ ಕೇಳಿದೆ. ಜೋಯಿಸರು ನನ್ನ ಬಲಗಿವಿಯನ್ನು ಅಳೆದರು. ಆ ಪ್ರಶ್ನೆಗೆ ಉತ್ತರ ಇಂದಿಗೂ ಸಿಕ್ಕಿಲ್ಲ. ಕಿವಿಯ ನೆನಪು ಮಾತ್ರ ಇದೆ. ಅವ್ವ ಅಂದು ರಾತ್ರಿಯ ಊಟಕ್ಕೆ ಬಡಿಸುತ್ತ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳೇ ಹೊರತು ಜೋಯಿಸರು ಸರಿಯೋ ನಾನು ಸರಿಯೋ ಎಂಬುದನ್ನು ಹೇಳಲಿಲ್ಲ. ವಾದಗಳಲ್ಲಿ ಪಕ್ಷ ವಹಿಸುವ ಅಭ್ಯಾಸ ಅವಳಿಗಿರಲಿಲ್ಲ.

ಮುಂದೆ ನಾನು ಪುಣೆಯಲ್ಲಿ ಹೈಸ್ಕೂಲಿನ ಶಿಕ್ಷಕನಾದೆ. ಪೇಠೆಯ ವಾಡೆಯೊಂದರಲ್ಲಿ ಎರಡು ಕತ್ತಲೆಯ ಖೋಲಿಗಳಲ್ಲಿ ಕೆಲವು ವರ್ಷ ಸಂಸಾರ ಮಾಡಿದ ಮೇಲೆ, ಗಾಳಿ-ಬೆಳಕುಗಳ ಮಹತ್ವದ ಮೇಲೆ ನಾನೇ ಮಾಡಿದ ಒಂದು ಭಾಷಣದಿಂದ ನಾನೇ ಪ್ರಭಾವಿತನಾಗಿ, ಊರಿನ ಪೂರ್ವದ ಅಂಚಿನಲ್ಲಿ, ಸೋಲಾಪುರದ ರಸ್ತೆ ಬಯಲಿಗೆ ಬೀಳುವ ಕಡೆ, ಹೊಸದಾಗಿ ಎದ್ದ ಒಂದು ವಸಾಹತಿನಲ್ಲಿ ಮನೆ ಕಟ್ಟಿಸಿದೆ. ಅದಕ್ಕೆ ‘ಉತ್ಕರ್ಷನಗರ’ ಎಂದು ಹೆಸರು ಸೂಚಿಸಿದವನು ನಾನು. ಸಭೆ ಅದನ್ನು ಸರ್ವಾನುಮತದಿಂದ ಒಪ್ಪಿತು, ಯಾರೂ ಬಳಸಲಿಲ್ಲ. ಟಾಂಗಾದವರು ಅದನ್ನು ‘ವಾಳವಂಟ’ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಮರಳುಗಾಡು.

ಟಾಂಗಾದವರ ಭೂಗೋಳಜ್ಞಾನವನ್ನು ಅಲ್ಲಗಳೆಯಲಾರೆ. ಸಮುದ್ರದಿಂದ ಹೊರಟ ಮೋಡಗಳು ಘಟ್ಟ ಹತ್ತಿ, ತಳೇಗಾಂವದಲ್ಲಿ ಹೊರೆ ಇಳಿಸಿ, ಉಳಿದದ್ದನ್ನು ಊರಿನ ಪಶ್ಚಿಮದ ಪೇಠೆಗಳಿಗೆ ಹಂಚಿ, ನಮ್ಮ ತಲೆಯ ಮೇಲೆ ಬರುವ ಹೊತ್ತಿಗೆ ಕೈ ಝಾಡಿಸಿಕೊಂಡು ನಿಲ್ಲುತ್ತಿದ್ದವು. ಸಣ್ಣ ಸ್ಟೇಶನ್ನಿನಲ್ಲಿ ಮೇಲ್ ಗಾಡಿ ನಿಲ್ಲದೆ ಹೋಗುವಂತೆ ಕೆಲವು ನಮ್ಮನ್ನು ನೋಡದೆಯೇ ದಾಟಿ ಹೋಗುತ್ತಿದ್ದವು. ನಮ್ಮಿಂದ ಆಚೆಗೆ ದೌಂಡಿನವರೆಗೆ ಬರಿಯ ಧೂಳು. ಆದರೂ ವಸಾಹತು ಬೆಳೆಯಿತು. ನಾವು ಬಂದಾಗ ಹನ್ನೊಂದು ಮನೆಗಳಿದ್ದವು; ಮೂರು ವರ್ಷಗಳಲ್ಲಿ ನಲವತ್ತಾದವು. ಧಾರವಾಡ, ಬೆಳಗಾವಿಗಳ ಕಡೆಯ ಗುಮಾಸ್ತರು, ಶಿಕ್ಷಕರು, ಒಬ್ಬಿಬ್ಬರು ವಕೀಲರು. ಜೊತೆಗೆ ಉಡುಪಿಯ ಕಡೆಯ ವಾಸುದೇವ ಭಟ್ಟರು. ಭಟ್ಟರು ರಸ್ತೆಯ ತಿರುವಿನಲ್ಲಿ ಒಂದು ಹೋಟೆಲು ಇಟ್ಟಿದ್ದರು. ನನ್ನ ಭಾಷಣಗಳಿಗೆ ಬರುವವರೆಲ್ಲ ಭಾಷಣ ಮುಗಿದ ಮೇಲೆ ಅಲ್ಲಿಗೆ ಹೋಗುತ್ತಿದ್ದರು. ಕೆಲವರು ಮುಗಿಯುವ ಮೊದಲೇ.

ಮನೆಗಳು ಬೆಳೆದವು, ನೀರು ಬೆಳೆಯಲಿಲ್ಲ. ಇಡೀ ವಸಾಹತಿಗೆ ಅರ್ಧ ಮೈಲು ದೂರದ ಮಾರುತಿ ಗುಡಿಯ ಬಾವಿಯೊಂದೇ ಗತಿ. ಸುಂದರಾ ದಿನಕ್ಕೆ ಎರಡು ಸಲ ಹೋಗಿ ನಾಲ್ಕು ಕೊಡ ತರುತ್ತಿದ್ದಳು. ಅದರಲ್ಲಿ ಒಂದು ಕೊಡ ನಮ್ಮೊಡನೆಯೇ ಇದ್ದ ಅವ್ವನ ಪಾಲು. ಅವಳ ಪೂಜೆ, ಕುಡಿಯುವುದು, ತುಳಸಿ, ಎಲ್ಲವೂ ಅದರಲ್ಲೇ. ಬೇಸಿಗೆಯಲ್ಲಿ ಬಾವಿಯ ತಳದಿಂದ ತಂಬಿಗೆಯಲ್ಲಿ ಮೊಗೆದು ಕೊಡ ತುಂಬಬೇಕಾಗುತ್ತಿತ್ತು, ಮತ್ತು ಒಂದು ಕೊಡಕ್ಕಾಗಿ ಒಂದು ತಾಸು ಸರತಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಸ್ತ್ರೀಯರ ಏಳಿಗೆಯ ಬಗ್ಗೆ ನಾನು ಪ್ರತಿ ಭಾನುವಾರ ಮಾತನಾಡುತ್ತಿದ್ದೆ. ಮಾತನಾಡುವಾಗ ಗಂಟಲು ಒಣಗಿದರೆ ಕುಡಿಯಲು ಮೇಜಿನ ಮೇಲೆ ಒಂದು ಲೋಟ ನೀರು ಇಟ್ಟಿರುತ್ತಿದ್ದರು. ಆ ಲೋಟ ಯಾರ ಸೊಂಟದ ಮೇಲಿಂದ ಬಂದಿತೆಂದು ನಾನು ವಿಚಾರಿಸಿದ್ದು ತಡವಾಗಿ. ವಿಚಾರಿಸಿದ ಮೇಲೆ, ವಸಾಹತಿಗೆ ನಗರದ ನಲ್ಲಿಯ ನೀರನ್ನು ತರಿಸಿಯೇ ತೀರಬೇಕೆಂದು ಸಂಕಲ್ಪ ಮಾಡಿದೆ.

ವಾದಕ್ಕೆ ಅಂಕಿ ಬೇಕಲ್ಲ? ನಮ್ಮದು ಬರಡು ಭೂಮಿಯೆಂಬುದನ್ನು ನಿರ್ವಿವಾದವಾಗಿ ಸಿದ್ಧಪಡಿಸಲೆಂದೇ ಹವಾಮಾನ ಕೇಂದ್ರ ಹುಟ್ಟಿಕೊಂಡಿತು.

ಮಳೆಮಾಪಕವನ್ನು ತಾಮ್ರಗಾರರ ಓಣಿಯಾದ ತಾಂಬಟ ಆಳಿಯ ಒಬ್ಬ ಮುದುಕ ಮಾಡಿಕೊಟ್ಟ. ನಾನು ಪುಸ್ತಕ ತೋರಿಸಿ ಬಾಯಿಯ ವ್ಯಾಸ ಐದು ಇಂಚು, ಒಂದು ಕೂದಲೆಳೆಯೂ ಹೆಚ್ಚಬಾರದು ಎಂದೆ; ಆತ ಹೆಚ್ಚಿಸಲಿಲ್ಲ. ಆದರೆ ಬೋಳು ಪಾತ್ರೆಯನ್ನು ಮನೆಯಿಂದ ಹೊರಗೆ ಕಳಿಸುವುದು ಅವನ ಮನಸ್ಸಿಗೆ ಒಪ್ಪಲಿಲ್ಲ. ಕಂಠದ ಸುತ್ತ ಒಂದು ಸಾಲು ಮಣಿ, ಅದರ ಕೆಳಗೆ ಒಂದು ಸಾಲು ಎಲೆ ತಟ್ಟಿಕೊಟ್ಟ. ಉಷ್ಣಮಾಪಕಗಳಿಗಾಗಿ ನಾಲ್ಕು ಕಾಲುಗಳ ಮೇಲೆ ನಿಂತ, ಓರೆ ಪಟ್ಟಿಗಳ ಒಂದು ಬಿಳಿಯ ಪೆಟ್ಟಿಗೆ ಮಾಡಿಸಿದೆ. ಭಟ್ಟರು ಅದರ ಸುತ್ತ ಎರಡು ಸಲ ಸುತ್ತಿ ಬಂದು, ದನಿ ತಗ್ಗಿಸಿ, ಒಳಗೆ ಕೋಳಿಗಳು ಎಷ್ಟು ಹಿಡಿಯುತ್ತವೆಂದು ಕೇಳಿದರು. ಗಾಳಿಯ ದಿಕ್ಕು ತೋರಿಸಲು ಬಿದಿರಿನ ತುದಿಗೆ ಸುಂದರಾಳ ಹಳೆಯ ಕುಂಕುಮವರ್ಣದ ಸೀರೆಯ ಒಂದು ತುಂಡನ್ನು ಕಟ್ಟಿದೆ.

ಕೆಂಪು ಧ್ವಜದ ಕೆಳಗೆ ಮಣಿ ತಟ್ಟಿದ ತಾಮ್ರದ ಪಾತ್ರೆಯನ್ನಿಟ್ಟರೆ ನಮ್ಮ ಜನ ಏನು ಮಾಡುತ್ತಾರೆಂಬುದನ್ನು ಯಾವ ಹವಾಮಾನ ಗ್ರಂಥವೂ ಹೇಳುವುದಿಲ್ಲ. ಮೊದಲ ವಾರವೇ ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಎರಡನೆಯ ವಾರ ಚೆಂಡು ಹೂವು ಬಂದಿತು. ಮೂರನೆಯ ವಾರ ಕುಂಕುಮ. ನಾನು ಕನ್ನಡ, ಮರಾಠಿ ಎರಡರಲ್ಲೂ ಒಂದು ಫಲಕ ಬರೆಸಿ ನಿಲ್ಲಿಸಿದೆ: ‘ಇದು ದೇವರಲ್ಲ. ಮಳೆಯನ್ನು ಅಳೆಯುವ ಸಾಧನ. ದಯವಿಟ್ಟು ನಮಸ್ಕರಿಸಬಾರದು.’ ಫಲಕ ಹಾಕಿದ ಮೇಲೆ ಜನ ಹೆಚ್ಚಾದರು. ತಾನು ದೇವರಲ್ಲವೆಂದು ತಾನೇ ಹೇಳುವ ದೇವರನ್ನು ಅವರು ಅದುವರೆಗೆ ನೋಡಿರಲಿಲ್ಲವಂತೆ. ಕಡೆಗೆ ಪಾತ್ರೆಯ ಸುತ್ತ ಮುಳ್ಳಿನ ಬೇಲಿ ಹಾಕಿಸಿ, ನಮ್ಮ ಮನೆಯವರ ಹೊರತು ಯಾರೂ ಒಳಗೆ ಬಾರದಂತೆ ಮಾಡಿದೆ. ವಿಜ್ಞಾನ ಈಗ ಸುರಕ್ಷಿತವಾಯಿತೆಂದು ಭಾವಿಸಿದೆ.

ಕ್ರಮ ಹೀಗಿತ್ತು. ಪ್ರತಿದಿನ ಮುಂಜಾನೆ ಎಂಟಕ್ಕೆ ನಾನು ಪಾತ್ರೆಯೊಳಗಿನ ನೀರನ್ನು ಗಾಜಿನ ಲೋಟಕ್ಕೆ ಸುರಿದು, ಅಳೆದು, ದಾಖಲೆ ಪುಸ್ತಕದಲ್ಲಿ ಬರೆದು, ಚೆಲ್ಲಿ, ಪಾತ್ರೆಯನ್ನು ಬಟ್ಟೆಯಿಂದ ಒರೆಸಿ ತಿರುಗಿ ಇಡುತ್ತಿದ್ದೆ. ಹತ್ತು ಗಂಟೆಗೆ ಶಾಲೆಗೆ ಹೊರಡುತ್ತಿದ್ದೆ. ಮಳೆಗಾಲವೆಲ್ಲ ಸರಿಯಾಗಿ ನಡೆಯಿತು. ಮಳೆ ಬಂದ ದಿನ ನೀರಿರುತ್ತಿತ್ತು. ಬಾರದ ದಿನ ಪಾತ್ರೆ ಒಣಗಿರಬೇಕಷ್ಟೆ. ಆದರೆ ಅಂದೂ ಒಂದು ಸೆಂಟ್ ನೀರಿರುತ್ತಿತ್ತು. ದೀಪಾವಳಿ ಕಳೆಯಿತು, ಆಕಾಶ ತೊಳೆದ ಹರಿವಾಣದಂತಾಯಿತು. ಪಾತ್ರೆಯಲ್ಲಿ ಒಂದು ಸೆಂಟ್. ಸಂಕ್ರಾಂತಿ, ಶಿವರಾತ್ರಿ, ಒಂದು ಸೆಂಟ್. ಹೋಳಿಯ ಬಿಸಿಲಿನಲ್ಲಿ ಕಾಗೆಗಳು ಬಾಯ್ತೆರೆದು ಕುಳಿತಾಗಲೂ ಒಂದು ಸೆಂಟ್. ಕೆಲವು ದಿನ ಎರಡು, ಮೂರು. ಒಮ್ಮೆ ಐದು.

ಇನ್ನೊಬ್ಬನಾಗಿದ್ದರೆ ಅನುಮಾನ ಪಡುತ್ತಿದ್ದ. ನಾನು ವಾದಸಭೆಯಲ್ಲಿ ತರಬೇತಿ ಪಡೆದವನು, ಸಿದ್ಧಾಂತ ಕಟ್ಟಿದೆ. ವಸಾಹತಿನವರು ನನ್ನ ಪ್ರೇರಣೆಯಿಂದ ನೆಟ್ಟಿದ್ದ ಬೇವಿನ ಸಸಿಗಳು ರಾತ್ರಿಯ ಗಾಳಿಯಿಂದ ಇಬ್ಬನಿಯನ್ನು ಸೆಳೆಯುತ್ತಿವೆ. ಇಪ್ಪತ್ತು ವರ್ಷಗಳಲ್ಲಿ ಈ ಮರಳುಗಾಡು ನಂದನವನವಾಗುತ್ತದೆ. ಐದು ಸೆಂಟಿನ ದಿನ ಹುಣ್ಣಿಮೆಯ ಆಸುಪಾಸಿನದಾಗಿದ್ದರಿಂದ ಚಂದ್ರನನ್ನೂ ಸಿದ್ಧಾಂತಕ್ಕೆ ಸೇರಿಸಿಕೊಂಡೆ. ಕನ್ನಡಿಗರ ಕೂಟದಲ್ಲಿ ಇದರ ಮೇಲೆ ಒಂದೂವರೆ ತಾಸು ಮಾತನಾಡಿದೆ. ಸಸಿಗಳು ಮೊಳಕಾಲಿಗಿಂತ ಎತ್ತರವಿಲ್ಲವಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಎತ್ತರಕ್ಕೂ ಪ್ರಭಾವಕ್ಕೂ ಸಂಬಂಧವಿಲ್ಲವೆಂದು ಉತ್ತರಿಸಿದೆ. ನಾನು ಗಿಡ್ಡನಾದ್ದರಿಂದ ಸಭೆ ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ನಗರದ ನೀರಿನ ಸಮಿತಿಗೆ ನಮ್ಮ ವಸಾಹತಿನ ಮನವಿ ಹೋಗಬೇಕಾಯಿತು. ಆ ವರ್ಷ ಪೂರ್ವದ ಬದಿಗೆ ಒಂದೇ ಒಂದು ಕೊಳವೆಯ ಸಾಲು ಎಳೆಯುವವರಿದ್ದರು; ನಮಗೆ ಅಥವಾ ಕಾಲುವೆಯಾಚೆಯ ಇನ್ನೊಂದು ವಸಾಹತಿಗೆ. ಯಾವುದು ಹೆಚ್ಚು ಒಣ ಪ್ರದೇಶವೋ ಅದಕ್ಕೆ ಮೊದಲ ಪಾಳಿ. ವಸಾಹತಿನ ಕಾರ್ಯದರ್ಶಿಯಾದ ನಾನು ಮನವಿಯೊಂದಿಗೆ, ಯಾರೂ ಕೇಳದಿದ್ದರೂ, ನನ್ನ ವರ್ಷದ ದಾಖಲೆಯ ಪ್ರತಿಯನ್ನು ಲಗತ್ತಿಸಿದೆ. ಒಟ್ಟು ಮಳೆಯ ಅಲ್ಪತೆಯನ್ನು ಕೆಂಪು ಶಾಯಿಯಲ್ಲಿ ತೋರಿಸಿದ್ದೆ. ಸಮಿತಿಯ ಇಂಜಿನಿಯರ್ ಸಾಹೇಬರು ಕೆಂಪು ಶಾಯಿಯನ್ನು ನೋಡಲಿಲ್ಲ. ಇಡೀ ಪುಸ್ತಕವನ್ನು ಓದಿದರು. ಅವರ ಉತ್ತರ ಮೂರು ಸಾಲಿನದು. ತಮ್ಮ ದಾಖಲೆಯ ಪ್ರಕಾರ ತಮ್ಮ ವಸಾಹತಿನಲ್ಲಿ ವರ್ಷದ ಒಂದು ದಿನವೂ ಮಳೆಯಿಲ್ಲದೆ ಕಳೆದಿಲ್ಲ. ಇಂಥ ಸೌಭಾಗ್ಯ ಚಿರಾಪುಂಜಿಗೂ ಇಲ್ಲ. ಆದ್ದರಿಂದ ಇನ್ನೊಂದು ವಸಾಹತಿನ ಮನವಿಯನ್ನು ಪರಿಗಣಿಸಲಾಗುವುದು. ಆಕ್ಷೇಪವಿದ್ದರೆ ಬರುವ ಶನಿವಾರದ ಸಭೆಯಲ್ಲಿ ತಿಳಿಸಬೇಕು.

ಆ ಕಾಗದ ನಲವತ್ತು ಮನೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಯಾರೂ ಬೈಯಲಿಲ್ಲ, ಬೈದಿದ್ದರೆ ಪ್ರತಿವಾದ ಮಾಡಬಹುದಾಗಿತ್ತು. ಬಾವಿಯಿಂದ ಬರುವ ಹೆಂಗಸರು ನನ್ನನ್ನು ಕಂಡೊಡನೆ ಮಾತು ನಿಲ್ಲಿಸುತ್ತಿದ್ದರು. ಸುಂದರಾ ಎಂದಿನಂತೆ ನಾಲ್ಕು ಕೊಡ ತಂದು ಇಳಿಸಿದಳು. ಇಳಿಸುವ ಸಪ್ಪಳ ಮಾತ್ರ ಎಂದಿಗಿಂತ ಸ್ವಲ್ಪ ದೊಡ್ಡದಾಗಿತ್ತು. ಬೇಸಿಗೆಯಲ್ಲಿ ನೀರಿಲ್ಲದೆ ಮಧ್ಯಾಹ್ನವೇ ಹೋಟೆಲು ಮುಚ್ಚಬೇಕಾಗುತ್ತಿದ್ದ ಭಟ್ಟರು ಸಂಜೆ ಬಂದು ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ವೀಳ್ಯ ಮೆದ್ದರು.

“ಮಾರಾಯ್ರೆ, ನಿಮ್ಮ ಪುಸ್ತಕದಲ್ಲಿ ದಿನಾ ಮಳೆ ಉಂಟಲ್ಲ,” ಎಂದರು ಕೊನೆಗೆ. “ನನ್ನ ಹಂಡೆಯನ್ನು ತಂದು ಆ ಪುಸ್ತಕದ ಕೆಳಗೆ ಇಡ್ಲಾ?”

ಮರುದಿನ ಬುಧವಾರ ಶಾಲೆಗೆ ಹೊರಟಿದ್ದೆ. ಇಬ್ಬನಿಯ ಸಿದ್ಧಾಂತವನ್ನು ಉಳಿಸಿಕೊಂಡೂ ನಲ್ಲಿಯನ್ನು ಗೆಲ್ಲುವ ಯಾವುದಾದರೂ ವಾದ ಇದೆಯೇ ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತ ನಡೆಯುತ್ತಿದ್ದೆ. ತಿರುವಿನವರೆಗೆ ಹೋದ ಮೇಲೆ ತಲೆಗೆ ರುಮಾಲೇ ಇಲ್ಲವೆಂಬುದು ಗಮನಕ್ಕೆ ಬಂದು ಹಿಂದಿರುಗಿದೆ. ಬೇಲಿಯ ಒಳಗೆ ಅವ್ವ ನಿಂತಿದ್ದಳು. ಎಡಗೈಯಲ್ಲಿ ಪೂಜೆಯ ಪಂಚಪಾತ್ರೆ, ಬಲಗೈಯಲ್ಲಿ ಉದ್ಧರಣೆ. ಆ ಪುಟ್ಟ ಚಮಚದ ನೀರನ್ನು ಮಳೆಮಾಪಕದ ಬಾಯಿಗೆ ಜಾಗ್ರತೆಯಿಂದ, ಒಂದು ಹನಿಯೂ ಹೊರಗೆ ಬೀಳದಂತೆ ಬಿಡುತ್ತಿದ್ದಳು.

“ಏನ ಮಾಡ್ಲಿಕ್ಹತ್ತೀ ಅವ್ವಾ?” ಎಂದೆ.

“ತಿರುಗಿ ಯಾಕ ಬಂದಿ? ಒಳಗ ಹೋಗಿ ಎರಡು ನಿಮಿಷ ಕೂತು ಹೋಗು,” ಎಂದಳು ಅವಳು. ನಾನು ಪಾತ್ರೆಯ ಕಡೆಗೆ ಕೈ ತೋರಿಸಿದೆ. ಅದರಲ್ಲಿ ಹೇಳುವಂಥದ್ದೇನಿದೆ ಎಂಬಂತೆ ಅವಳು ಉದ್ಧರಣೆಯನ್ನು ಒರೆಸಿಕೊಂಡಳು. “ದಿನಾ ಮುಂಜಾನೆ ನೀನ ಅದನ್ನ ಬರಿದ ಮಾಡಿ ಇಡ್ತಿ. ಬರಿದ ತಾಮ್ರದ ಪಾತ್ರಿ ದಾಟಿ ಮಗ ಹೊರಗ ಹೋದ ಮ್ಯಾಲ ಅದನ್ನ ಹಂಗ ಬಿಟ್ಟು ಕೂಡ್ಲೇನು ನಾ? ಮಳಿ ಆದ ದಿನಾ ಹಾಕಂಗಿಲ್ಲ. ಅವತ್ತ ಮೋಡ ನೋಡಿ ಸುಮ್ಮನಿರ್ತೀನಿ, ಮ್ಯಾಲಿನಾತನ ಹಾಕ್ತಾನ.”

ತುಂಬಿದ ಕೊಡ ಎದುರಿಗೆ ಬಂದರೆ ಶುಭ, ಬರಿದಾದದ್ದು ಕಂಡರೆ ಅಶುಭ. ಈ ನಂಬಿಕೆಯ ಮೇಲೆ ನಾನು ಎರಡು ಉಪನ್ಯಾಸ ಕೊಟ್ಟಿದ್ದೆ. ಎರಡಕ್ಕೂ ಅವ್ವ ಬಂದಿದ್ದಳು, ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಉಪನ್ಯಾಸಕ್ಕೆ ಹೊರಡುವ ಮೊದಲು ಪಾತ್ರೆಗೆ ನೀರು ಹಾಕಿಯೇ ಬಂದಿದ್ದಳೆಂದು ಈಗ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಸುಂದರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಿನಗೆ ಇದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದಳು. ಒಂದು ವರ್ಷದಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಚಂದ್ರನನ್ನು ಕೇಳಿದಿರಿ, ಬೇವಿನ ಗಿಡವನ್ನು ಕೇಳಿದಿರಿ, ಮನೆಯೊಳಗೆ ಯಾರನ್ನು ಕೇಳಿದಿರಿ ಎಂದಳು.

ಅಂದು ನಾನು ಶಾಲೆಗೆ ರಜೆ ಹಾಕಿದೆ. ಮುಂದೇನೆಂದು ಯೋಚಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸತ್ಯವನ್ನು ಕುರಿತು ಮಕ್ಕಳಿಗೆ ಪಾಠ ಹೇಳುವವನಿಗೆ ಒಂದೇ ದಾರಿ ಉಳಿದಿರುತ್ತದೆ. ದಾಖಲೆಯನ್ನು ತಿದ್ದಬೇಕು, ತಿದ್ದಿದೆನೆಂದು ಸಮಿತಿಯ ಮುಂದೆ ಹೇಳಬೇಕು. ಲೋಟ ತಂದು ಅವ್ವನ ಉದ್ಧರಣೆಯಿಂದ ಒಂದು ಸಲ ನೀರು ಹಾಕಿಸಿ ಅಳೆದೆ. ಸರಿಯಾಗಿ ಒಂದು ಸೆಂಟ್. ಸರ್ಕಾರಿ ಸಾಧನಗಳೂ ಇಷ್ಟು ಖಚಿತವಾಗಿರುವುದಿಲ್ಲ. ಪುಸ್ತಕದ ಪಕ್ಕಕ್ಕೆ ಒಂದು ಹೊಸ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಮೊದಲನೆಯದಕ್ಕೆ ‘ಆಕಾಶದ್ದು’ ಎಂದು ಬರೆದೆ. ಎರಡನೆಯದಕ್ಕೆ ‘ಅವ್ವನದು’ ಎಂದು ಬರೆದೆ.

ಒಂದು ಸೆಂಟಿನ ದಿನಗಳು ಸುಲಭವಾಗಿದ್ದವು. ಎರಡು, ಮೂರು ಬಂದ ದಿನಗಳನ್ನು ನಾನು ಓದುತ್ತ ಹೋದೆ. ಅವ್ವ ಹತ್ತಿಯ ಬತ್ತಿ ಹೊಸೆಯುತ್ತ, ಕಣ್ಣೆತ್ತದೆ ಉತ್ತರ ಹೇಳುತ್ತ ಹೋದಳು. ಅವಳಿಗೆ ತಾರೀಖು ಬರುತ್ತಿರಲಿಲ್ಲ, ತಿಥಿಯೂ ಬೇಕಾಗಲಿಲ್ಲ. ಹಬ್ಬದ ಹಿಂದು ಮುಂದು ಹೇಳಿದರೆ ಸಾಕು, ಅಂದು ನಾನು ಎಲ್ಲಿಗೆ ಹೋಗಿದ್ದೆನೆಂದು ಹೇಳುತ್ತಿದ್ದಳು. ಇದು ಎರಡು ಯಾಕೆ? ಅಂದು ಶಾಲೆಗೆ ಇನ್‌ಸ್ಪೆಕ್ಟರ ಬರುವವರಿದ್ದರು. ಇದು ಮೂರು? ಅಂದು ನೀನು ರೈಲಿನಲ್ಲಿ ಮುಂಬಯಿಗೆ ಹೋದೆ. ಇದು ಮತ್ತೆ ಮೂರು? ಅಂದು ನಿನಗೆ ಜ್ವರವಿತ್ತು, ಬೇಡವೆಂದರೂ ಭಾಷಣಕ್ಕೆ ಎದ್ದು ಹೋದೆ. ನಾನು ಗಾಳಿ, ತಾಪ, ಚಂದ್ರರಿಂದ ವಿವರಿಸಿದ್ದ ಏರಿಳಿತಗಳೆಲ್ಲ ಹೀಗೆ ಒಂದೊಂದಾಗಿ ಇಳಿದು ಬಂದು ಅವಳ ಮಡಿಲಲ್ಲಿ ಕುಳಿತವು.

ಕೊನೆಗೆ ಐದರ ದಿನ ಬಂದಿತು. ಅದನ್ನು ಓದುವಾಗಲೇ ನನಗೆ ನೆನಪಾಯಿತು. ಅಂದು ನಗರದಲ್ಲಿ ಒಂದು ವಿಧವಾವಿವಾಹ; ಕಲ್ಲು ಬೀಳುತ್ತವೆಂದು ಮೊದಲೇ ಬೆದರಿಕೆಯ ಕಾಗದಗಳು ಬಂದಿದ್ದವು. ಅದಕ್ಕೆ ಅಧ್ಯಕ್ಷನಾಗಿ ಹೋಗಕೂಡದೆಂದು ಅವ್ವ ಹೇಳಿದ್ದಳು. ಹೋಗುತ್ತೇನೆಂದಾಗ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದಳು. ನಾನು ಮೆಟ್ಟಿಲಿಳಿದು ಹೋಗುವಾಗ ಬೆನ್ನು ತಿರುಗಿಸಿ ತುಳಸಿಯ ಮುಂದೆ ಕುಳಿತಿದ್ದಳು. ಮಾತು ಬಿಟ್ಟವಳು ಅಂದು ಬೇಲಿಯೊಳಗೆ ಐದು ಸಲ ಬಗ್ಗಿದ್ದಳು. ಆ ಪುಟದ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ‘ಚಂದ್ರಪ್ರಭಾವ, ಇನ್ನಷ್ಟು ಸಂಶೋಧನೆ ಅವಶ್ಯ’ ಎಂದು ಬರೆದಿತ್ತು.

ಅದನ್ನು ಹೊಡೆದು ಹಾಕಿದೆ. ಅವ್ವ ಬತ್ತಿಗಳನ್ನು ಕಟ್ಟು ಕಟ್ಟಿ ಒಳಗೆ ಹೋದಳು. ನಾವಿಬ್ಬರೂ ಆ ದಿನದ ಬಗ್ಗೆ ಮುಂದೆಂದೂ ಮಾತನಾಡಲಿಲ್ಲ; ಈಗ ಮಾತನಾಡೋಣವೆಂದರೆ ಅವಳಿಲ್ಲ.

ಶನಿವಾರ ನಾನು ನಲವತ್ತು ನಿಮಿಷಗಳ ಭಾಷಣವನ್ನು ಸಿದ್ಧಪಡಿಸಿಕೊಂಡು ಸಮಿತಿಯ ಕಚೇರಿಗೆ ಹೋದೆ. ತಿದ್ದಿದ್ದಕ್ಕೆ ಸಾಕ್ಷಿ ಕೇಳಿದರೆ ಇರಲೆಂದು ಟಾಂಗಾದಲ್ಲಿ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಇಂಜಿನಿಯರ್ ಸಾಹೇಬರು ತೆಳ್ಳನೆಯ ಮನುಷ್ಯ. ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಎರಡು ಕಾಲಂಗಳನ್ನು ನೋಡಿ, ಎರಡನೆಯದು ಏನೆಂದು ಮರಾಠಿಯಲ್ಲಿ ಕೇಳಿದರು. ನಾನು ಒಂದು ಹನಿಯನ್ನೂ ಮುಚ್ಚಿಡದೆ ಹೇಳಿದೆ. ಸಭೆಯಲ್ಲಿ ನಗು ಎದ್ದಿತು. ಸಾಹೇಬರು ನಗಲಿಲ್ಲ; ಬೆರಳನ್ನು ಕಾಲಂ ಮೇಲೆ ಇಳಿಸುತ್ತ ಬಂದು ಐದರ ಮೇಲೆ ನಿಲ್ಲಿಸಿ, ಅಂದು ಏನು ವಿಶೇಷ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವ್ವ, ಲಗ್ನಕ್ಕೆ ಹೋಗಿದ್ದ ಎಂದು ಮರಾಠಿಯಲ್ಲಿಯೇ ಹೇಳಿದಳು. ಸಭೆಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಆಗ ಸಮಿತಿಯ ಸದಸ್ಯರೊಬ್ಬರು, ದಪ್ಪ ಮೀಸೆಯವರು, ಒಂದು ಪ್ರಶ್ನೆ ಹಾಕಿದರು. ದಿನವೂ ಒಂದು ತಗಡಿನ ಡಬ್ಬಿಗೆ ಸುರಿಯುವಷ್ಟು ನೀರು ಇರುವ ಮನೆಯವರು ನೀರಿಲ್ಲವೆಂದು ಹೇಗೆ ಹೇಳುತ್ತಾರೆ?

ಓದುಗ ಮಿತ್ರರೇ, ಆ ಪ್ರಶ್ನೆಗೆ ನನ್ನ ನಲವತ್ತು ನಿಮಿಷಗಳಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ಎದುರು ಪಕ್ಷದಲ್ಲಿದ್ದರೆ ಆ ಪ್ರಶ್ನೆಯನ್ನು ನಾನೇ ಹಾಕುತ್ತಿದ್ದೆ, ಪದಕವನ್ನೂ ಪಡೆಯುತ್ತಿದ್ದೆ. ನಾನು ಕಾಗದಗಳನ್ನು ಒಂದರ ಹಿಂದೆ ಒಂದು ತಿರುವುತ್ತ ನಿಂತೆ. ಅವ್ವ ನನ್ನ ಅಂಗಿಯ ತೋಳು ಜಗ್ಗಿ, ಅವರು ಏನೆಂದರೆಂದು ಕೇಳಿದಳು. ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. ಪುಣೆಯಲ್ಲಿ ಇಷ್ಟು ವರ್ಷ ಕಾಯಿಪಲ್ಲೆಯವರೊಡನೆ ಜಗಳಾಡಿದಷ್ಟು ಮರಾಠಿ ಅವಳಲ್ಲಿತ್ತು, ಆದರೆ ಇದಕ್ಕೆ ಅದು ಸಾಲದೆಂದು ಅವಳಿಗೆ ತೋರಿರಬೇಕು.

“ನೀ ಅವರ ಭಾಷಾದಾಗ ಹೇಳು,” ಎಂದಳು. “ದಿನಕ್ಕ ಒಂದು ಕೊಡ ನನ್ನ ಪಾಲು. ಕೊಡಕ್ಕ ಎಷ್ಟು ತಂಬಿಗಿ, ತಂಬಿಗಿಗೆ ಎಷ್ಟು ಉದ್ಧರಣಿ, ನನಗ ಬಾಯಿಪಾಠ ಅದ. ಮಗನ ಪಾತ್ರಿಗೆ ಹಾಕಿದ್ದು ನಾ ಕುಡಿಯೂ ನೀರಾಗ ಕಡಿಮಿ ಮಾಡಿ. ಮನ್ಯಾಗ ನೀರು ಇದ್ದವರು ಉದ್ಧರಣಿಲೆ ಎಣಸ್ತಾರೇನು? ಕೇಳು ಅವರಿಗೆ.”

ನಾನು ಅನುವಾದಿಸಿದೆ. ಒಂದು ಶಬ್ದ ಸೇರಿಸಲಿಲ್ಲ, ಒಂದು ಅಲಂಕಾರ ಹಚ್ಚಲಿಲ್ಲ. ನನ್ನ ಬಾಯಿಂದ ಅದುವರೆಗೆ ಹೊರಟ ವಾದಗಳಲ್ಲೆಲ್ಲ ಅತ್ಯುತ್ತಮವಾದದ್ದು ಅದು. ಅದರಲ್ಲಿ ನನ್ನದೆಂದು ಹೇಳಬಹುದಾದದ್ದು ಮರಾಠಿಯ ವಿಭಕ್ತಿ ಪ್ರತ್ಯಯಗಳು ಮಾತ್ರ. ಮೀಸೆಯ ಸದಸ್ಯರು ಮೇಜಿನ ಮೇಲಿದ್ದ ತಮ್ಮ ನೀರಿನ ಲೋಟವನ್ನು ಸ್ವಲ್ಪ ದೂರ ಸರಿಸಿದರು. ಸಾಹೇಬರು ಅವ್ವನಿಗೆ ಕುರ್ಚಿ ಹಾಕಿಸಿ, ಎಷ್ಟು ಮನೆ, ಎಷ್ಟು ಕೊಡ, ಬಾವಿ ಎಷ್ಟು ದೂರ, ಎಷ್ಟು ಹೊತ್ತು ಸರತಿ ಎಂದು ಒಂದೊಂದಾಗಿ ಕೇಳಿ ಪೆನ್ಸಿಲ್ಲಿನಿಂದ ಬರೆದುಕೊಂಡರು. ಆಕಾಶದ ಕಾಲಂ ಅನ್ನು ಅವರು ತಿರುಗಿ ನೋಡಲೇ ಇಲ್ಲ.

ಮಳೆಗಾಲ ಮುಗಿದ ಮೇಲೆ ನಮ್ಮ ವಸಾಹತಿಗೆ ಕೊಳವೆ ಬಂದಿತು. ನಾಲ್ಕು ದಾರಿ ಕೂಡುವಲ್ಲಿ ಒಂದು ನಲ್ಲಿ. ಮುಂಜಾನೆ ಆರರಿಂದ ಏಳರವರೆಗೆ ನೀರು. ಉದ್ಘಾಟನೆಯ ಭಾಷಣ ನನ್ನದು. ನಲ್ಲಿಯ ಒಳಗೆ ಚರ್ಮದ ಬಿಲ್ಲೆ ಇರುತ್ತದೆ, ಆದ್ದರಿಂದ ಆ ನೀರು ಮಡಿಗೆ ಬಾರದು ಎಂಬ ಮಾತು ಪೇಠೆಗಳಲ್ಲಿ ಹಬ್ಬಿತ್ತು. ನಮ್ಮ ವಸಾಹತಿನಲ್ಲಿ ಈ ಆಕ್ಷೇಪವನ್ನು ಎತ್ತುವವರು ಯಾರೆಂದು ನಾನು ಊಹಿಸಿದ್ದೆ; ಅವರು ನಮ್ಮ ಮನೆಯಲ್ಲೇ ಇದ್ದರು. ಆದ್ದರಿಂದ ಶುಚಿತ್ವದ ತತ್ತ್ವವನ್ನು ಕುರಿತು, ಶಾಸ್ತ್ರಾಧಾರಗಳ ಸಮೇತ, ಇಪ್ಪತ್ತು ನಿಮಿಷಗಳ ಮಾತನ್ನು ಬರೆದುಕೊಂಡಿದ್ದೆ. ಆರು ಗಂಟೆಗೆ ನೀರು ಬಂದಿತು. ಹೆಂಗಸರು ಕೊಡಗಳೊಂದಿಗೆ ನಿಂತಿದ್ದರು. ಭಟ್ಟರು ಎರಡು ಹಂಡೆ ತಂದಿದ್ದರು. ನಾನು ನಲ್ಲಿಯ ಮುಂದೆ ನಿಂತು, ಸಭ್ಯ ಸ್ತ್ರೀಪುರುಷರೇ ಎಂದು ಆರಂಭಿಸಿ, ಚರ್ಮವೆಂದರೇನು ಎಂಬ ಮೂಲಪ್ರಶ್ನೆಯನ್ನು ಎತ್ತಿಕೊಂಡೆ.

ಸರತಿಯ ಮೊದಲಿಗೆ ನಿಂತಿದ್ದ ಅವ್ವ ಎರಡು ವಾಕ್ಯ ಕೇಳಿದಳು. ಆಮೇಲೆ ತನ್ನ ಕೊಡದ ಅಂಚಿನಿಂದ ನನ್ನನ್ನು ಮೆಲ್ಲನೆ ಬದಿಗೆ ಸರಿಸಿದಳು.

“ಅದು ಒಳಗ ಇರ್ತದ, ಇರಲಿ. ಮಾತು ಆಮ್ಯಾಲ ಹೇಳಪಾ, ಏಳಕ್ಕ ನೀರು ಹೋಗ್ತದ.”

ನಾನು ಕಾಗದವನ್ನು ಮಡಚಿ ಜೇಬಿಗಿಟ್ಟು, ಕಟ್ಟೆಯ ಮೇಲೆ ಕುಳಿತು, ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಿದೆ. ಆ ಭಾಷಣಕ್ಕೆಂದು ತೆಗೆದಿರಿಸಿದ್ದ ಇಪ್ಪತ್ತು ನಿಮಿಷಗಳಲ್ಲಿ ಹನ್ನೊಂದು ಕೊಡಗಳು ತುಂಬಿದವು. ಸಮಾಜಕ್ಕಾಗಿ ನಾನು ಬರೆದ ಭಾಷಣಗಳು ಇನ್ನೂರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಫಲವನ್ನು ಇಷ್ಟು ಖಚಿತವಾಗಿ ಅಳೆದು ಹೇಳಬಹುದಾದದ್ದು ಅದೊಂದೇ.